ಬಂಡೆ, ಕಾಡು, ನೀರಿನ ನಡುವೆ ಗಾಲ್ಫ್

ಪ್ರಶ್ನೆ: ಸೆಪ್ಟೆಂಬರ್ ಕೊನೆಗೆ ಕೆನಡಾದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ಅಳಿಯ ಮಸ್ಕೋಕಾ ಕಡೆಯ ಒಂದು ಹಳೇ ಗಾಲ್ಫ್ ಕೋರ್ಸಿಗೆ ಕರೆದುಕೊಂಡು ಹೋಗ್ತಾರಂತೆ. ಫೋಟೋದಲ್ಲಿ ಬರೀ ಬಂಡೆ, ಕಾಡು, ನೀರು. ನಾನು ಆಡಿರುವುದೆಲ್ಲ ಸಮತಟ್ಟಾದ ಕೋರ್ಸಿನಲ್ಲಿ. ಅಂಥ ಜಾಗದಲ್ಲಿ ಯಾಕೆ ಕೋರ್ಸ್ ಮಾಡಿದರು? ನಾನು ಹೇಗೆ ಆಡಲಿ?

ಉತ್ತರ: ಖಂಡಿತ ಹೋಗಿ. ಹಳೇ ಕೋರ್ಸ್ ಅಂದರೆ ಇನ್ನೂ ಒಳ್ಳೇದು.

ಮಸ್ಕೋಕಾ ಇರುವುದು ಟೊರಾಂಟೊದಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ. ಅಲ್ಲಿನ ಬಂಡೆಗೆ ನೂರು ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಹಿಮಯುಗದಲ್ಲಿ ಹಿಮದ ರಾಶಿ ಮೇಲಿನ ಮಣ್ಣನ್ನೆಲ್ಲ ಕೆರೆದುಕೊಂಡು ಹೋಯಿತು, ತಗ್ಗಿದ್ದಲ್ಲೆಲ್ಲ ನೀರು ನಿಂತು ಸರೋವರವಾಯಿತು. ಈಗಿನವರಾದರೆ ಬಂಡೆ ಸಿಡಿಸಿ, ಲಾರಿಗಟ್ಟಲೆ ಮಣ್ಣು ಸುರಿದು ನೆಲವನ್ನೇ ಬದಲಾಯಿಸುತ್ತಾರೆ. ನೂರು ವರ್ಷದ ಹಿಂದೆ ಕುದುರೆ ಕಟ್ಟಿ ಮಣ್ಣು ಎಳೆಯುತ್ತಿದ್ದವರಿಗೆ ಅದೆಲ್ಲ ಆಗುತ್ತಿರಲಿಲ್ಲ, ಬಂಡೆ ಅಡ್ಡ ಬಂದರೆ ಅದನ್ನು ಸುತ್ತಿಕೊಂಡು ಹೋದರು, ಮಣ್ಣು ಸಿಕ್ಕಲ್ಲಿ ಗ್ರೀನ್, ಅಂದರೆ ಚೆಂಡು ಬೀಳಿಸಬೇಕಾದ ಕುಳಿ ಇರುವ ನುಣುಪು ಹುಲ್ಲಿನ ಜಾಗ, ಮಾಡಿದರು. ಅದಕ್ಕೇ ಅಲ್ಲಿ ಫೇರ್‌ವೇ (ಗ್ರೀನ್ ಕಡೆಗೆ ಚೆಂಡು ಹೊಡೆದು ಸಾಗುವ ಹುಲ್ಲಿನ ಹಾದಿ) ಅಂಕುಡೊಂಕು, ಗ್ರೀನ್ ಪುಟ್ಟದು. ಕೆನಡಾದ ಹೆಸರಾಂತ ವಿನ್ಯಾಸಕಾರ ಸ್ಟ್ಯಾನ್ಲಿ ಥಾಂಪ್ಸನ್ 1920ರ ದಶಕದಲ್ಲಿ ಅಲ್ಲಿನ ಬಿಗ್ವಿನ್ ದ್ವೀಪದಲ್ಲೂ ಒಂದು ಕೋರ್ಸ್ ಮಾಡಿದ್ದರು. ಅದನ್ನು ಆಮೇಲೆ ಹೊಸದಾಗಿ ಕಟ್ಟಿದ್ದಾರೆ, ಆದರೆ ಅಲ್ಲಿಗೆ ಇವತ್ತಿಗೂ ದೋಣಿ ಹತ್ತಿಯೇ ಹೋಗಬೇಕು.

ಇನ್ನು ಆಟ. ಡ್ರೈವರ್, ಅಂದರೆ ತುಂಬಾ ದೂರ ಹೊಡೆಯುವ ಉದ್ದನೆಯ ಕ್ಲಬ್ (ಗಾಲ್ಫ್ ಕೋಲು), ಆದಷ್ಟು ಬ್ಯಾಗಿನಲ್ಲೇ ಇರಲಿ. ಅಲ್ಲಿ ದೂರಕ್ಕಿಂತ ಚೆಂಡು ಎಲ್ಲಿ ನಿಲ್ಲುತ್ತದೆ ಅನ್ನುವುದೇ ಮುಖ್ಯ. ಕಾಡಿಗೆ ಹೋಯಿತು ಅನಿಸಿದರೆ ಅಲ್ಲೇ, ಬಾಯಿಬಿಟ್ಟು ಹೇಳಿ, ಪ್ರಾವಿಷನಲ್ ಚೆಂಡು (ಮೊದಲನೆಯದು ಸಿಗದಿದ್ದರೆ ಲೆಕ್ಕಕ್ಕೆ ಬರುವ ಇನ್ನೊಂದು ಚೆಂಡು) ಹೊಡೆದುಬಿಡಿ, ಯಾಕೆಂದರೆ 2019ರಿಂದ ಹುಡುಕಲು ಸಿಗುವುದು 3 ನಿಮಿಷ ಮಾತ್ರ. ಪೈನ್ ಮರದ ಕೆಳಗೆ ಚೆಂಡು ಸಿಕ್ಕಿತು ಅಂದುಕೊಳ್ಳಿ. ಒಣಗಿದ ಸೂಜಿಯೆಲೆಗಳ ಮೇಲೆ ಅದು ತೇಲುತ್ತಿರುವ ಹಾಗೆ ಕೂತಿರುತ್ತದೆ. ಆ ಎಲೆ ತೆಗೆಯಬಹುದು, ಆದರೆ ತೆಗೆಯುವಾಗ ಚೆಂಡು ಅಲುಗಿದರೆ ಒಂದು ಪೆನಾಲ್ಟಿ (ಲೆಕ್ಕಕ್ಕೆ ಒಂದು ಹೊಡೆತ ಜಾಸ್ತಿ), ಮತ್ತೆ ಇದ್ದಲ್ಲೇ ಇಡಬೇಕು. ಸುಮ್ನೆ ಮುಟ್ಟದೆ ಆಡುವುದೇ ವಾಸಿ. ಕಾಲೂ ಜಾರುತ್ತದೆ, ಹುಷಾರು.

ಬಂಡೆಗೆ ತಾಗಿ ನಿಂತ ಚೆಂಡನ್ನಂತೂ ದಯವಿಟ್ಟು ಹೊಡೆಯಲು ಹೋಗಬೇಡಿ! ನೆಲಕ್ಕೆ ಅಂಟಿದ ಬಂಡೆಗೆ ನಿಯಮದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಒಂದು ಪೆನಾಲ್ಟಿ ತಗೊಂಡು, ಎರಡು ಕ್ಲಬ್ ಉದ್ದದ ಅಳತೆಯೊಳಗೆ, ಹೋಲ್‌ಗೆ (ಕುಳಿಗೆ) ಹತ್ತಿರವಾಗದ ಹಾಗೆ ಡ್ರಾಪ್ ಮಾಡಿ, ಅಂದರೆ ಚೆಂಡನ್ನು ಕೈಯಿಂದ ಬೀಳಿಸಿ ಅಲ್ಲಿಂದ ಆಡಿ. ನಾನು ಒಮ್ಮೆ ಹಟಕ್ಕೆ ಬಿದ್ದು ಹೊಡೆದೆ, ನನ್ನ 7 ಐರನ್ ಕ್ಲಬ್ಬಿನ ಅಂಚಿನಲ್ಲಿ ಆ ಕಚ್ಚು ಇನ್ನೂ ಇದೆ, ಮಣಿಕಟ್ಟಿನ ನೋವು ತಿಂಗಳುಗಟ್ಟಲೆ ಹೋಗಲಿಲ್ಲ.

ನೀವು ಹೋಗುವ ಹೊತ್ತಿಗೆ ಮೇಪಲ್ ಮರಗಳು ಕೆಂಪಾಗಿ ಎಲೆ ಉದುರಿಸಲು ಶುರು ಮಾಡಿರುತ್ತವೆ. ನೋಡಲು ಎರಡು ಕಣ್ಣು ಸಾಲದು. ಚೆಂಡು ಮಾತ್ರ ಬಿಳಿಯದೇ ಒಯ್ಯಿರಿ. ಕಿತ್ತಳೆ, ಹಳದಿ ಚೆಂಡು ಆ ಎಲೆಗಳ ಮಧ್ಯೆ ಕಾಣುವುದೇ ಇಲ್ಲ.