ನಿಮ್ಮ ಮನೆಯಲ್ಲಿ ಹುಳ ಅಂದ್ರೆ ಬೈಗುಳ ಅಲ್ಲ

ಪ್ರಿಯ ಮಿತ್ರರೇ,

ನೀವು ಕಳಿಸಿದ ‘ಬಾಗಿಲಾಚೆ’ ಕಥೆಯನ್ನು ಮೂರು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆತನಕ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಹಾಗಂತ ಸುಮ್ನೆ ಎರಡು ಸಾಲು ಬರೆದು ವಾಪಸ್ ಕಳಿಸುವುದಕ್ಕೂ ಮನಸ್ಸು ಬರಲಿಲ್ಲ. ಅದಕ್ಕೇ ಈ ಪತ್ರ.

ನಿಮ್ಮ ಹುಡುಗ ಶಿಡ್ಲಘಟ್ಟದ ಕಡೆಯವನು, ರೇಷ್ಮೆ ಹುಳ ಸಾಕುವ ಮನೆಯವನು. ಬೆಂಗಳೂರಿನಲ್ಲಿ ಕೆಲಸ, ಬಾಡಿಗೆ ರೂಮು. ಅಪ್ಪ ಫೋನ್ ಮಾಡುತ್ತಾರೆ: ಹುಳ ಹಣ್ಣಾಗ್ತಾ ಇವೆ, ಗೂಡು ಕಟ್ಟೋಕೆ ಬಂದಿವೆ, ಕೂಲಿಯವರು ಸಿಗ್ತಿಲ್ಲ, ಎರಡು ದಿನ ಬಂದು ಹೋಗು. ಇವನು ಹೋಗುವುದಿಲ್ಲ. ಬಾಗಿಲು ಹಾಕಿಕೊಂಡು ಫ್ಯಾನ್ ನೋಡುತ್ತಾ ಮಲಗುತ್ತಾನೆ. ಇಷ್ಟೂ ಮೊದಲ ಮೂರು ಪುಟದಲ್ಲೇ ಮುಗಿಯುತ್ತದೆ. ಐದನೇ ಪುಟದಲ್ಲಿ ಒಂದು ಹಳೆಯ ನೆನಪು ಬಂದು ಹೋಗುವುದು ಬಿಟ್ಟರೆ, ಉಳಿದ ಒಂಬತ್ತು ಪುಟವೂ ಅವನು ಮಲಗಿಯೇ ಇರುತ್ತಾನೆ. ಕೊನೆಯ ಸಾಲು: ‘ನಾನೊಂದು ಹುಳು.’

ಆ ಒಂಬತ್ತು ಪುಟದಲ್ಲಿ ‘ಶೂನ್ಯ’ 14 ಸಲ ಬಂದಿದೆ, ‘ಅನಾಥಪ್ರಜ್ಞೆ’ 6 ಸಲ. ಕಥೆ, ಕಾದಂಬರಿ ಓದಿ ಮುಗಿಸಿದವರು ಅದರ ಬಗ್ಗೆ ಮಾತಾಡುವಾಗ ಬಳಸುವ ಪದಗಳು ಇವು. ಅವನ್ನೇ ಕಥೆಯ ಒಳಗೆ ತಂದು ಸುರಿದರೆ ಹುಡುಗನಿಗೆ ಬಾಯಿ ತೆರೆಯಲು ಜಾಗವೇ ಇರುವುದಿಲ್ಲ.

ಕಾಫ್ಕಾನ ‘ಮೆಟಮಾರ್ಫಸಿಸ್’ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀರಿ. ನಂಬುತ್ತೇನೆ. ಆದರೆ ಇನ್ನೊಂದು ಸಲ ಓದಿ, ಈ ಸಲ ದುಡ್ಡಿನ ವಿಷಯ ಬರುವ ಕಡೆಯೆಲ್ಲ ಗುರುತು ಹಾಕಿಕೊಂಡು ಓದಿ. ಊರೂರು ತಿರುಗಿ ಬಟ್ಟೆ ಮಾರುವ ಗ್ರೆಗರ್ ಸಾಮ್ಸಾ ಒಂದು ಬೆಳಿಗ್ಗೆ ಹುಳುವಾಗಿ ಎದ್ದಾಗ ‘ನಾನು ಯಾರು’ ಅಂತ ಕೇಳಿಕೊಂಡು ಕೂರುವುದಿಲ್ಲ. ಗಡಿಯಾರ ನೋಡುತ್ತಾನೆ. ಆರೂವರೆ. ಐದರ ರೈಲು ಹೋಗಿದೆ, ಇನ್ನೊಂದು ಇರುವುದು ಏಳಕ್ಕೆ. ಬಟ್ಟೆಯ ಸ್ಯಾಂಪಲ್ ಇನ್ನೂ ಕಟ್ಟಿಲ್ಲ. ಅಪ್ಪ ಅಮ್ಮ ಅವನ ಧಣಿಗೆ ಸಾಲ ಕೊಡಬೇಕು, ಅದು ತೀರಲು ಇನ್ನೂ ಐದಾರು ವರ್ಷ ಬೇಕು. 1915ರಲ್ಲಿ ಅಚ್ಚಾದ ಕಥೆ ಅದು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಬಂಗಾರಪೇಟೆ ಹುಡುಗನಿಗೆ ಆ ಗಾಬರಿ ಇವತ್ತಿಗೂ ಅರ್ಥವಾಗುತ್ತದೆ, ಅಲ್ವಾ?

ಅದರಲ್ಲಿ ನನಗೆ ಎದೆ ಹಿಂಡುವುದು ಬೇರೆ ಒಂದು ಜಾಗ. ಗ್ರೆಗರ್ ಮೊದಮೊದಲು ಸಂಬಳ ತಂದು ಮೇಜಿನ ಮೇಲೆ ಇಟ್ಟಾಗ ಮನೆಯವರೆಲ್ಲ ಎಷ್ಟು ಖುಷಿಪಟ್ಟಿದ್ದರು. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತು. ಅವರು ತಗೊಂಡರು, ಇವನು ಕೊಟ್ಟ, ಆ ಬಿಸಿ ಮಾತ್ರ ಹೋಯಿತು. ಅವನು ಮನೆಯಲ್ಲೇ ಪರಕೀಯನಾಗಲು ಶುರುವಾದದ್ದು ಅಲ್ಲಿಂದ. ಅಪ್ಪ ಒಂದಷ್ಟು ದುಡ್ಡು ಉಳಿಸಿ ಇಟ್ಟುಕೊಂಡಿದ್ದಾರೆ ಅಂತ ಅವನಿಗೆ ಗೊತ್ತಾಗುವುದು ಹುಳುವಾದ ಮೇಲೆ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಾಗ. ಅದರಿಂದ ಸಾಲ ಬೇಗ ತೀರಿಸಿ ಆ ಕೆಲಸ ಬಿಡಬಹುದಿತ್ತು. ಅವನಿಗೆ ಸಿಟ್ಟು ಬರುವುದಿಲ್ಲ, ಅಪ್ಪ ಮಾಡಿದ್ದು ಒಳ್ಳೆಯದೇ ಆಯಿತು ಅಂದುಕೊಳ್ಳುತ್ತಾನೆ. ‘ಶೂನ್ಯ’ ಅನ್ನುವ ಪದದ ಹಂಗೇ ಇಲ್ಲದೆ ಕಾಫ್ಕಾ ಇಷ್ಟು ಹೇಳಿದ್ದಾನೆ.

ನಮ್ಮ ‘ಸಂಸ್ಕಾರ’ವನ್ನೇ ನೋಡಿ. 1965ರ ಕಾದಂಬರಿ. ಶುರುವಾಗುವುದೇ ಪ್ರಾಣೇಶಾಚಾರ್ಯರು ಕಾಯಿಲೆಯ ಹೆಂಡತಿಗೆ ಸ್ನಾನ ಮಾಡಿಸುವುದರಿಂದ. ಆಮೇಲೆ ಒಂದು ಹೆಣ. ಅದನ್ನು ಎತ್ತುವತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಧರ್ಮದ ದೊಡ್ಡ ಪ್ರಶ್ನೆಗಳೆಲ್ಲ ಹಸಿವು ಮತ್ತು ವಾಸನೆಯ ಮೂಲಕವೇ ನಮ್ಮ ಹತ್ತಿರ ಬರುತ್ತವೆ. ಕಮೂ ಬರೆದ ‘ಔಟ್‌ಸೈಡರ್’ನಲ್ಲೂ ತಾಯಿ ತೀರಿಕೊಂಡಾಗ ಮಗ ಧಣಿಯ ಹತ್ತಿರ ಎರಡು ದಿನ ರಜೆ ಕೇಳುತ್ತಾನೆ, ಅದು ನನ್ನ ತಪ್ಪಲ್ಲ ಅಂತಲೂ ಸೇರಿಸುತ್ತಾನೆ. ನಿಮ್ಮ ಹುಡುಗ ರಜೆ ಕೇಳಿದನೋ ಇಲ್ಲವೋ ಅನ್ನುವುದೇ ಕಥೆಯಲ್ಲಿ ಇಲ್ಲ. ಕೇಳಿ ಮ್ಯಾನೇಜರ್ ಇಲ್ಲ ಅಂದನೋ, ಕೊಟ್ಟರೂ ಇವನು ಹೋಗಲಿಲ್ಲವೋ? ಎರಡೂ ಬೇರೆ ಬೇರೆ ತಪ್ಪು. ಯಾವುದು ಅಂತ ನೀವು ತೀರ್ಮಾನಿಸಿಲ್ಲ, ಅದಕ್ಕೇ ಅವನ ನೋವು ಎಲ್ಲೂ ತಾಗುವುದಿಲ್ಲ.

ಈಗ ಕೊನೆಯ ಸಾಲಿಗೆ ಬರುತ್ತೇನೆ.

ಕಾಫ್ಕಾನ ಕೀಟ ಅಸಹ್ಯದ ಕೀಟ. ಕೊನೆಗೆ ಕೆಲಸದವಳು ಅದನ್ನು ಎತ್ತಿ ಹಾಕುತ್ತಾಳೆ. ಆದರೆ ನಿಮ್ಮ ಹುಡುಗ ಹುಟ್ಟಿದ ಮನೆಯಲ್ಲಿ ಹುಳ ಅಂದರೆ ಏನು? ಐದನೇ ಪುಟದಲ್ಲಿ ಏಳೇ ಏಳು ಸಾಲು ಬರೆದಿದ್ದೀರಿ. ಪೆನ್ಸಿಲ್‌ನಲ್ಲಿ ಗೆರೆ ಹಾಕಿದ್ದೇನೆ. ರಾತ್ರಿ ಅಪ್ಪ ಎಬ್ಬಿಸುತ್ತಾರೆ. ಹುಡುಗ ನಿದ್ದೆಗಣ್ಣಲ್ಲೇ ಕಾಲು ತೊಳೆದು ಹುಳದ ಮನೆಗೆ ಹೋಗುತ್ತಾನೆ. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಮೇಯುವ ಸದ್ದು ಸೋನೆ ಮಳೆ ಹಿಡಿದ ಹಾಗೆ. ಅಪ್ಪ ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಟಾರ್ಚ್ ಬೆಳಕಿಗೆ ಹಿಡಿದು, ‘ಇನ್ನೊಂದು ದಿನ’ ಅನ್ನುತ್ತಾರೆ.

ಮಿತ್ರರೇ, ಇಡೀ ಕಥೆಯಲ್ಲಿ ನಾನು ಉಸಿರು ಬಿಗಿಹಿಡಿದು ಓದಿದ್ದು ಈ ಏಳು ಸಾಲು ಮಾತ್ರ. ಆ ಮನೆಯಲ್ಲಿ ಹುಳಕ್ಕೆ ಮೊದಲು ಸೊಪ್ಪು, ಆಮೇಲೆ ಮನುಷ್ಯರಿಗೆ ಊಟ. ಗೂಡು ಮಾರಿದ ದುಡ್ಡಲ್ಲೇ ಇವನ ಕಾಲೇಜಿನ ಫೀಸು ಕಟ್ಟಿದ್ದು ಅಂತ ನೀವೇ ಬರೆದಿದ್ದೀರಿ. ಅಂಥ ಹುಡುಗ ತನ್ನನ್ನು ತಾನು ಬೈದುಕೊಳ್ಳಲು ‘ಹುಳು’ ಅನ್ನುತ್ತಾನಾ? ಆ ಮಾತು ಕಾಫ್ಕಾನ ಊರು ಪ್ರಾಗ್‌ನಿಂದ ಬಂದದ್ದು, ಶಿಡ್ಲಘಟ್ಟದ್ದಲ್ಲ. ಅಪ್ಪ ಫೋನಿನಲ್ಲಿ ‘ಹುಳ’ ಅನ್ನುತ್ತಾರೆ, ಮಗ ಕೊನೆಯಲ್ಲಿ ‘ಹುಳು’ ಅನ್ನುತ್ತಾನೆ. ಮನೆಯಿಂದ ಅವನು ಎಷ್ಟು ದೂರ ಹೋಗಿದ್ದಾನೆ ಅನ್ನುವುದು ಆ ಒಂದು ಅಕ್ಷರದಲ್ಲೇ ಕಾಣುತ್ತದೆ. ಬೇಕು ಅಂತ ಮಾಡಿದ್ದೋ, ತಾನಾಗಿ ಆದದ್ದೋ ನನಗೆ ಗೊತ್ತಾಗಲಿಲ್ಲ.

ಹಣ್ಣಾದ ಹುಳ ಕಾಯುವುದಿಲ್ಲ. ಅವತ್ತೇ ಆರಿಸಿ ಚಂದ್ರಂಕಿಗೆ, ಗೂಡು ಕಟ್ಟಲು ಇಡುವ ತಟ್ಟೆಗೆ, ಬಿಡಬೇಕು. ಇಲ್ಲದಿದ್ದರೆ ಸೊಪ್ಪಿನ ಮಧ್ಯೆಯೇ ಎಲ್ಲೆಂದರಲ್ಲಿ ಗೂಡು ಕಟ್ಟಿ ಹಾಳಾಗುತ್ತವೆ. ಸುಮಾರು ಇಪ್ಪತ್ತೈದು ದಿನದ ದುಡಿಮೆ ಆ ಒಂದೆರಡು ದಿನದ ಮೇಲೆ ನಿಂತಿರುತ್ತದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಾಗಿದ್ದರೆ ಅವನು ಹೋಗದೇ ಇದ್ದದ್ದರಿಂದ ಎಷ್ಟು ಗೂಡು ಹಾಳಾಯಿತು? ಮಾರ್ಕೆಟ್ಟಿನಲ್ಲಿ ಕೇಜಿಗೆ ಎಷ್ಟು ಕಮ್ಮಿ ಬಂತು? ಅಪ್ಪ ಅದನ್ನು ಮಗನಿಗೆ ಹೇಳಿದರಾ, ಮುಚ್ಚಿಟ್ಟರಾ? ಅವನು ಮಲಗಿಕೊಂಡು ಬೇಯಬೇಕಾದದ್ದು ಈ ಲೆಕ್ಕದಲ್ಲಿ.

ನನ್ನದೂ ಒಂದು ಮಾತು ಹೇಳುತ್ತೇನೆ. ನಮ್ಮ ಮನೆಯಲ್ಲಿ ಹುಳ ಇರಲಿಲ್ಲ, ಹಸು ಇದ್ದವು. ಅಣ್ಣ ಓದು ಬಿಟ್ಟು ಡೇರಿಗೆ ಹಾಲು ಹಾಕಿ ನನ್ನನ್ನು ಓದಿಸಿದ. ಅವನ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೂ ದೊಡ್ಡ ದೊಡ್ಡ ಪದಗಳೇ ಬರುತ್ತಿದ್ದವು. ‘ಶೂನ್ಯ’ ಅಂತ ಬರೆದುಬಿಟ್ಟರೆ ಅಣ್ಣನಿಗೆ ನಾನು ಏನೂ ಕೊಡಬೇಕಾಗಿಲ್ಲ. ಚಳಿಯಲ್ಲಿ ಬೆಳಗಿನ ಜಾವ ಅವನು ಎಷ್ಟು ಲೀಟರ್ ಕರೆಯುತ್ತಿದ್ದ ಅಂತ ಬರೆದರೆ ಆಗ ಸಾಲ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಹೆದರಿ ಎಷ್ಟೋ ವರ್ಷ ಬರೆಯಲೇ ಇಲ್ಲ. ನೀವು ಅಷ್ಟು ವರ್ಷ ಕಳೆಯಬೇಡಿ.

ಇನ್ನೊಂದು ಸಣ್ಣ ವಿಷಯ. ಹನ್ನೆರಡು ಪುಟದಲ್ಲಿ ಅಪ್ಪನನ್ನು ‘ತಂದೆಯವರು’ ಅಂತಲೇ ಬರೆದಿದ್ದೀರಿ. ಒಂದೇ ಕಡೆ, ಫೋನ್ ಇಡುವಾಗ, ಹುಡುಗ ‘ಆಯ್ತು ನಾಯನಾ’ ಅನ್ನುತ್ತಾನೆ. ತೆಲುಗಿನಲ್ಲಿ ‘ನಾಯನ’ ಅಂದರೆ ಅಪ್ಪ. ನಮ್ಮ ಸೀಮೆಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ಒಲೆಯ ಮೇಲೆ ಬೇಯುತ್ತವೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ‘ತಂದೆಯವರು’ ಎಲ್ಲ ಹೊಡೆದು ಹಾಕಿ. ‘ನಾಯನ’ ಅಂತಲೇ ಬರೆಯಿರಿ.

ಹಸ್ತಪ್ರತಿ ವಾಪಸ್ ಕಳಿಸುತ್ತಿದ್ದೇನೆ. ಆರನೇ ಪುಟದಿಂದ ಕೊನೆತನಕ ಬಿಟ್ಟುಬಿಡಿ. ಐದನೇ ಪುಟದಿಂದ ಹೊಸದಾಗಿ ಶುರು ಮಾಡಿ. ಯುಗಾದಿಯೊಳಗೆ ಕಳಿಸಿದರೆ ಕೂಡಲೇ ಓದುತ್ತೇನೆ. ಬರೆಯುವ ಮೊದಲು ಒಂದು ಯೋಚನೆ ಮಾಡಿ: ಆ ಎರಡು ದಿನ ಹಣ್ಣು ಹುಳ ಆರಿಸಿ ಚಂದ್ರಂಕಿಗೆ ಬಿಟ್ಟದ್ದು ಯಾರು? ಕಥೆ ಅದನ್ನು ಹೇಳುವುದಿಲ್ಲ. ತಂಗಿ ಇರಬೇಕು ಅಂತ ನನ್ನ ಊಹೆ. ಅವಳಿಗೆ ಆ ವಾರ ಪಿಯುಸಿ ಪರೀಕ್ಷೆ ಇತ್ತು ಅಂತ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ.

ಪ್ರೀತಿಯಿಂದ,
ಸಂಪಾದಕ
ಚಿಕ್ಕಬಳ್ಳಾಪುರ