ಗ್ಯಾರೇಜ್ ಕಟ್ಟೆ: ಹಳೆಯ ಪಿಕಪ್, ಕೆಸರಿನ ದಾರಿ

ಮೇ ತಿಂಗಳಲ್ಲಿ ಬರುವ ಪತ್ರಗಳಿಗೆಲ್ಲ ಒಂದೇ ಬಣ್ಣ, ಕೆಮ್ಮಣ್ಣಿನ ಬಣ್ಣ. ಈ ಸಲವಂತೂ ಹಳೆಯ ಪಿಕಪ್ ಇಟ್ಟುಕೊಂಡವರೇ ಹೆಚ್ಚು ಬರೆದಿದ್ದಾರೆ. ಸಕಲೇಶಪುರದಲ್ಲಿ ಮೂವತ್ತೊಂದು ವರ್ಷ ಗ್ಯಾರೇಜು ನಡೆಸಿ, ಈಗ ಮಗನ ಕೈಗೆ ಸ್ಪ್ಯಾನರ್ ಕೊಟ್ಟು ಕಟ್ಟೆಯ ಮೇಲೆ ಕುಳಿತವನು ನಾನು. ಕುಳಿತವನಿಗೆ ಮಾತು ಹೆಚ್ಚು, ಸಹಿಸಿಕೊಳ್ಳಿ. ಮೊದಲು ನಿಮ್ಮ ಪತ್ರ, ಅದರಡಿ ನನ್ನ ಉತ್ತರ.

ಕಳೆದ ವರ್ಷ 2006ರ ಬೊಲೆರೊ ಕ್ಯಾಂಪರ್ ಫೋರ್ ವೀಲ್ ಡ್ರೈವ್ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಈಗ 215/75 ಆರ್ 15 ಟೈರ್ ಇದೆ. ಮಳೆಗಾಲದಲ್ಲಿ ತೋಟದ ಒಂದೂವರೆ ಕಿಲೋಮೀಟರ್ ಏರುದಾರಿಯಲ್ಲಿ ಗೊಬ್ಬರ ಹೇರಿಕೊಂಡು ಹೋಗಬೇಕು. 31 ಇಂಚಿನ ಟೈರ್, ಗಾಡಿಯನ್ನು ಮೂರು ಇಂಚು ಮೇಲೆತ್ತುವ ಲಿಫ್ಟ್, ಕಬ್ಬಿಣದ ಬಂಪರ್, ಇಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ, ಮೇಲೊಂದು ಉದ್ದನೆಯ ಎಲ್‌ಇಡಿ ದೀಪ ಎಂದು ಅಂಗಡಿಯೊಂದರವರು ಎರಡೂವರೆ ಲಕ್ಷದ ಪಟ್ಟಿ ಕೊಟ್ಟಿದ್ದಾರೆ. ಯಾವುದನ್ನು ಮೊದಲು ಮಾಡಿಸಲಿ?
— ಕಾಫಿ ಬೆಳೆಗಾರ, ಹಾನುಬಾಳು

ಪಟ್ಟಿಯನ್ನು ಮಡಚಿ ಡ್ಯಾಶ್‌ಬೋರ್ಡಿನೊಳಗೆ ಇಡಿ. ನಿಮ್ಮ ಗಾಡಿ ಈಗಲೂ ಫೋರ್ ವೀಲ್ ಡ್ರೈವ್ ಆಗಿ ಉಳಿದಿದೆಯೋ ಇಲ್ಲವೋ, ಮೊದಲು ಅದನ್ನು ನೋಡಿ. ತಮಾಷೆಗೆ ಹೇಳುತ್ತಿಲ್ಲ. ಡೀಸೆಲ್ ಉಳಿಯುತ್ತದೆ ಎಂದು ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಶೆಡ್ಡಿನ ಮೂಲೆಗೆ ಎಸೆದು, ಆಮೇಲೆ ಗಾಡಿಯನ್ನು ಮಾರಿದವರನ್ನು ನಾನೇ ಕಂಡಿದ್ದೇನೆ. ಲಿವರ್ ಬೀಳುತ್ತದೆ, ಸದ್ದೂ ಬರುತ್ತದೆ, ಮುಂದಿನ ಚಕ್ರಗಳಿಗೆ ಮಾತ್ರ ಸುದ್ದಿ ಮುಟ್ಟಿರುವುದಿಲ್ಲ. ಸಡಿಲ ಮಣ್ಣಿನ ಏರಿನಲ್ಲಿ ಲೋ ರೇಂಜ್ (ವೇಗ ಕಡಿಮೆ, ಎಳೆತ ಹೆಚ್ಚು ಇರುವ ಫೋರ್ ವೀಲ್ ಗೇರು) ಹಾಕಿ ನಿಧಾನವಾಗಿ ಎಳೆಸಿ. ಒಬ್ಬರು ಪಕ್ಕದಲ್ಲಿ, ದೂರ ನಿಂತು, ಮುಂದಿನ ಚಕ್ರವೂ ಮಣ್ಣು ಕೆರೆಯುತ್ತಿದೆಯೇ ಎಂದು ನೋಡಲಿ. ಕೆರೆಯದಿದ್ದರೆ ನಿಮ್ಮ ಮೊದಲ ‘ಮಾಡಿಫಿಕೇಶನ್’ ಯಾವುದೆಂದು ಗೊತ್ತಾಯಿತು.

ಎರಡನೆಯದು ಚಾಸಿ, ಗಾಡಿಯ ತಳದ ಕಬ್ಬಿಣದ ಚೌಕಟ್ಟು. ಗೊಬ್ಬರ ಸಾಗಿಸುವ ಗಾಡಿ ಎಂದಿರಿ. ಚೀಲದಿಂದ ಸೋರಿದ ಗೊಬ್ಬರ ತೇವ ಹಿಡಿದುಕೊಂಡು ಕಬ್ಬಿಣವನ್ನು ತಿನ್ನುತ್ತದೆ, ಅದೂ ಹಿಂದಿನ ತೊಟ್ಟಿಯ ಕೆಳಗೆ, ಯಾರೂ ಬಗ್ಗಿ ನೋಡದ ಜಾಗದಲ್ಲಿ. ತೊಟ್ಟಿಯ ಬೋಲ್ಟುಗಳ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ‘ಠಣ್’ ಎಂದರೆ ಸರಿ. ‘ಡಬ್’ ಎಂದು ಚಕ್ಕೆ ಉದುರಿದರೆ ನಿಮ್ಮ ಹಣ ಅಲ್ಲಿಗೆ ಹೋಗಬೇಕು, ದೀಪಕ್ಕಲ್ಲ.

ಈಗ ಟೈರಿನ ಮಾತು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಹಣ ಪೋಲಾಗುವುದು ಇಲ್ಲೇ. ನಿಮ್ಮ ಈಗಿನ ಟೈರಿನ ಎತ್ತರ ಸುಮಾರು 703 ಮಿಲಿಮೀಟರ್. 235/75 ಆರ್ 15 ಹಾಕಿದರೆ 733 ಆಗುತ್ತದೆ. ಹೆಚ್ಚಿದ್ದು 30 ಮಿ.ಮೀ.; ಆಕ್ಸಲ್, ಅಂದರೆ ಚಕ್ರದ ಅಚ್ಚು, ಇರುವುದು ಚಕ್ರದ ನಡುವೆ, ಆದ್ದರಿಂದ ನೆಲದಿಂದ ಗಾಡಿ ಏಳುವುದು ಅದರರ್ಧ, 15 ಮಿ.ಮೀ. ಮಾತ್ರ. 31 ಇಂಚಿನದು 787 ಮಿ.ಮೀ.; ಅದರಿಂದ 42 ಮಿ.ಮೀ. ಸಿಗುತ್ತದೆ. ಕೇಳಲು ಚೆನ್ನ. ಆದರೆ ಚಕ್ರ ಶೇಕಡ 12ರಷ್ಟು ದೊಡ್ಡದಾದರೆ ಎಲ್ಲ ಗೇರುಗಳೂ ಅಷ್ಟೇ ಸೋಲುತ್ತವೆ, ಬ್ರೇಕಿನ ಹಿಡಿತವೂ ಅಷ್ಟೇ ಕುಗ್ಗುತ್ತದೆ. ಹದಿನೈದು ವರ್ಷಕ್ಕೂ ಹೆಚ್ಚು ದುಡಿದು ಸುಸ್ತಾದ ಡೀಸೆಲ್ ಇಂಜಿನ್ನಿಗೆ, ಹತ್ತು ಚೀಲ ಗೊಬ್ಬರದ ಜೊತೆ, ಏರಿನಲ್ಲಿ ಈ ಹೊರೆ ಏಕೆ? ಕ್ಲಚ್ ಪ್ಲೇಟ್ ಸುಟ್ಟ ವಾಸನೆ ನಿಮಗೆ ನಾಲ್ಕನೆಯ ದಿನ ಬರುತ್ತದೆ.

ಅಗಲವೂ ಬೇಡ. ಮರಳಿನಲ್ಲಿ ಅಗಲ ಟೈರ್ ತೇಲುತ್ತದೆ, ಒಪ್ಪಿದೆ. ನಮ್ಮ ತೋಟದ ದಾರಿಯಲ್ಲಿ ಮೇಲೆ ನಾಲ್ಕು ಬೆರಳು ಲೊಳಲೊಳ, ಅದರಡಿ ಗಟ್ಟಿ ನೆಲ. ಇಲ್ಲಿ ಬೇಕಾದದ್ದು ಕೆಸರನ್ನು ಸೀಳಿ ಗಟ್ಟಿಗೆ ಕಾಲೂರುವ ಟೈರ್. ಹಳೆಯ ಜೀಪುಗಳಿಗೆ ಹಾಕುತ್ತಿದ್ದ 6.00-16ರ ಸಪೂರ ಬಟನ್ ಟೈರ್ (ಮೈಮೇಲೆ ಉಬ್ಬಿದ ರಬ್ಬರ್ ಗಡ್ಡೆಗಳಿರುವುದು) ಈ ಊರಿನಲ್ಲಿ ಅಷ್ಟು ಕಾಲ ಬಾಳಿದ್ದು ಸುಮ್ಮನೆ ಅಲ್ಲ. ನಿಮ್ಮ ಗಾಡಿಗೆ ಕಂಪನಿ ಒಪ್ಪಿದ ಅಳತೆಯಲ್ಲೇ, ಎತ್ತರದ ಬಟನ್‌ಗಳಿರುವ ಒಳ್ಳೆಯ ಮಡ್ ಟೈರ್ ನಾಲ್ಕು ಕೊಳ್ಳಿ. ಬಟನ್ ಸವೆದ ದೊಡ್ಡ ಟೈರಿಗಿಂತ ಬಟನ್ ಇರುವ ಚಿಕ್ಕ ಟೈರ್ ಮೇಲು. ಜೊತೆಗೆ ಟೈರಿಗೆ ಸುತ್ತುವ ಒಂದು ಜೋಡಿ ಚೈನ್ ಇಟ್ಟುಕೊಳ್ಳಿ. ಜುಲೈನಲ್ಲಿ ಚೈನ್ ಕಟ್ಟಿದ ಗಾಡಿ ಹತ್ತುವ ಜಾಗಕ್ಕೆ ಲಕ್ಷದ ಟೈರೂ ಹತ್ತುವುದಿಲ್ಲ. ಬಿಗಿಯಾಗಿ ಕಟ್ಟಬೇಕು, ನೂರು ಮೀಟರ್ ಹೋಗಿ ಇಳಿದು ಮತ್ತೊಮ್ಮೆ ಬಿಗಿಯಬೇಕು. ಸಡಿಲಾದ ಚೈನ್ ಬ್ರೇಕ್ ಪೈಪನ್ನು ಕತ್ತರಿಸುತ್ತದೆ. ಡಾಂಬರು ಸಿಕ್ಕಿದ ತಕ್ಷಣ ಬಿಚ್ಚಿ.

ಲಿಫ್ಟ್ ಬಗ್ಗೆ. ಹಿಂದಿನ ಆಕ್ಸಲ್‌ನ ನಡುವೆ ನೇತಾಡುವ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಬಲ ಹಂಚುವ ಗೇರುಗಳ ಪೆಟ್ಟಿಗೆ) ಗುಂಡೇ ಕಲ್ಲಿಗೆ ಮೊದಲು ತಾಗುವುದು. ಲಿಫ್ಟ್ ಮಾಡಿಸಿದರೆ ಬಾಡಿ ಮೇಲೇಳುತ್ತದೆ, ಆ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಒಂದೇ. ಉದ್ದದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿ ಅಗ್ಗದಲ್ಲಿ ಎತ್ತುತ್ತೇವೆ ಎನ್ನುವವರೂ ಇದ್ದಾರೆ. ಶ್ಯಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದು ಇಂಚು. ಆಕ್ಸಲ್ ಮಾತ್ರ ಓರೆಯಾಗಿ ತಿರುಗುತ್ತದೆ. 2003ರಲ್ಲಿ ನಾನೇ ಒಬ್ಬ ಗಿರಾಕಿಯ ಮಾತಿಗೆ ಕಟ್ಟುಬಿದ್ದು, ಮುಂದೆಯೂ ಲೀಫ್ ಸ್ಪ್ರಿಂಗ್ ಇದ್ದ ಹಳೆಯ ಪಿಕಪ್ ಒಂದಕ್ಕೆ ನಾಲ್ಕೂ ಕಡೆ ಉದ್ದದ ಶ್ಯಾಕಲ್ ಕೂರಿಸಿದೆ. ನೋಡಲು ಹುಲಿಯಂತಿತ್ತು. ಬಿಸಿಲೆ ಘಾಟಿಯಲ್ಲಿ ಇಳಿಯುವಾಗ ಸ್ಟಿಯರಿಂಗ್ ಹಿಡಿದಲ್ಲಿ ನಿಲ್ಲಲಿಲ್ಲ; ತಿರುವು ಮುಗಿದರೂ ಅದು ತಾನಾಗಿ ನೇರಕ್ಕೆ ಬರಲಿಲ್ಲ. ಹಿಂದಿನ ಶಾಫ್ಟಿನ ಕ್ರಾಸ್ (ಕೀಲು) ಎರಡು ತಿಂಗಳಲ್ಲಿ ಕಟಕಟ ಎನ್ನತೊಡಗಿತು. ನನ್ನದೇ ಖರ್ಚಿನಲ್ಲಿ ಎಲ್ಲ ಬಿಚ್ಚಿ ಹಳೆಯದನ್ನೇ ಹಾಕಿಕೊಟ್ಟೆ. ಗಿರಾಕಿ ಇಂದಿಗೂ ಸಿಕ್ಕಿದಲ್ಲೆಲ್ಲ ಅದನ್ನು ನೆನಪಿಸುತ್ತಾರೆ, ಕಾಫಿಯ ದುಡ್ಡನ್ನೂ ನನ್ನಿಂದಲೇ ಕೊಡಿಸುತ್ತಾರೆ. ನಿಮ್ಮ ಸ್ಪ್ರಿಂಗು ಕುಸಿದಿದ್ದರೆ ಹೊಸ ಸೆಟ್ ಹಾಕಿಸಿ, ಬುಷ್ ಬದಲಿಸಿ. ಕುಸಿದಿದ್ದ ಒಂದು ಇಂಚು ಹಾಗೆಯೇ ವಾಪಸು ಬರುತ್ತದೆ.

ಬಂಪರ್ ಬೇಡ. ಮೂಗಿನ ಮೇಲೆ ಕಬ್ಬಿಣ ಹೇರಿದರೆ ಕೆಸರಿನಲ್ಲಿ ಮೂಗೇ ಮೊದಲು ಹೂಳುತ್ತದೆ. ದೀಪ ನಿಮ್ಮಿಷ್ಟ; ತೋಟದೊಳಗೆ ರಾತ್ರಿ ಗೊಬ್ಬರ ಹಾಕುವವರನ್ನು ನಾನು ಕಂಡಿಲ್ಲ. ಕೆಲಸದವರನ್ನು ತೊಟ್ಟಿಯಲ್ಲಿ ಕೂರಿಸಿಕೊಂಡು ಏರಬೇಡಿ. ಪತ್ರದಲ್ಲಿ ನೀವು ಬರೆದಿಲ್ಲ, ಆದರೆ ನಮ್ಮ ಕಡೆಯ ರೂಢಿ ನನಗೆ ಗೊತ್ತು.

ನಮ್ಮದು ಟೂ ವೀಲ್ ಡ್ರೈವ್ ಪಿಕಪ್. ಗುಜರಿಯಿಂದ ಮುಂದಿನ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ ಚಕ್ರಗಳಿಗೂ ಹಂಚುವ ಪೆಟ್ಟಿಗೆ) ತಂದು ಫೋರ್ ವೀಲ್ ಮಾಡಿಸಬಹುದೇ?
— ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಮಾಡಿಸಬಹುದು, ಮೂರು ವರ್ಷ ನನ್ನಂಥವನ ಮನೆ ನಡೆಯುತ್ತದೆ. ಮಾಡಿಸಬೇಡಿ. ಅದನ್ನು ಮಾರಿ ಮೊದಲೇ ಫೋರ್ ವೀಲ್ ಆಗಿ ಹುಟ್ಟಿದ ಗಾಡಿ ಕೊಳ್ಳಿ.

ಮಾರಲು ಮನಸ್ಸಿಲ್ಲ ಎಂದಾದರೆ ಒಂದು ಸಂಗತಿ ತಿಳಿದಿರಲಿ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಎಳೆಯುವ ಚಕ್ರಗಳೂ ಅಲ್ಲೇ. ಮಳೆಗಾಲದಲ್ಲಿ ಖಾಲಿ ಹೋಗುವಾಗ ಮೂರು ಚೀಲ ಮರಳನ್ನು ಹಿಂದಿನ ಆಕ್ಸಲ್‌ಗೆ ನೇರ ಮೇಲೆ ಇಟ್ಟು ಅಲುಗದಂತೆ ಕಟ್ಟಿ. ಇನ್ನು ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮಪಾಲು ಹಂಚುತ್ತದೆ, ಅದೇ ಅದರ ದೋಷ: ಕೆಸರಿನಲ್ಲಿ ಜಾರುವ ಚಕ್ರ ಎಷ್ಟು ಅಲ್ಪ ಬಲ ತೆಗೆದುಕೊಳ್ಳುತ್ತದೋ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಒಂದು ಚಕ್ರ ಗಿರ್ರನೆ ತಿರುಗುವಾಗ ಹ್ಯಾಂಡ್‌ಬ್ರೇಕನ್ನು ಎರಡು ಮೂರು ಹಲ್ಲು ಎಳೆದು ನಿಧಾನವಾಗಿ ಆಕ್ಸಿಲರೇಟರ್ ಕೊಡಿ. ಜಾರುವ ಚಕ್ರಕ್ಕೆ ತಡೆ ಸಿಕ್ಕಿ ಇನ್ನೊಂದಕ್ಕೆ ಬಲ ದಾಟುತ್ತದೆ. ಹತ್ತರಲ್ಲಿ ನಾಲ್ಕು ಸಲವಾದರೂ ಗಾಡಿ ಎದ್ದು ಬರುತ್ತದೆ. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿದ್ದುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟನ್ನು. ಅವುಗಳಲ್ಲಿ ಈ ಉಪಾಯ ನಡೆಯದು.

ಹಳ್ಳ ದಾಟಿದ ಮೇಲೆ ಡಿಫರೆನ್ಷಿಯಲ್ ಆಯಿಲ್ ಹಾಲು ಹಾಕಿದ ಚಹಾದಂತಾಗಿದೆ. ಸೀಲ್ ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಸ್ನಾರ್ಕೆಲ್ ಹಾಕಿದರೆ ಸರಿಹೋಗುತ್ತದೆಯೇ?
— ಯಲ್ಲಾಪುರದ ಓದುಗ

ಸ್ನಾರ್ಕೆಲ್ ಇಂಜಿನ್ನಿನ ಮೂಗು, ಡಿಫರೆನ್ಷಿಯಲ್‌ಗೂ ಅದಕ್ಕೂ ನಂಟಿಲ್ಲ. ಸೀಲೂ ಹೋಗಿರಬಹುದು, ಆದರೆ ಮೊದಲು ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಗಾಳಿ ಆಡುವ ಕಿಂಡಿ, ನೋಡಿ. ಹೆಬ್ಬೆರಳಿನಷ್ಟು ಗಾತ್ರದ ಟೋಪಿಯಂಥದ್ದು. ಓಡಿ ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಹೀರುತ್ತದೆ. ಹೊರಗಿರುವುದು ಆಗ ನೀರು. ಬ್ರೀದರ್ ಜಾಗಕ್ಕೆ ನಿಪ್ಪಲ್ ಹಾಕಿ, ಡೀಸೆಲ್ ಪೈಪಿನಂಥ ರಬ್ಬರ್ ಪೈಪನ್ನು ತೊಟ್ಟಿಯ ಮೇಲಂಚಿನವರೆಗೆ ಒಯ್ದು, ಬಾಯಿ ಕೆಳಕ್ಕೆ ಬಗ್ಗಿಸಿ ಕಟ್ಟಿ. ಎರಡು ಆಕ್ಸಲ್‌ಗೂ, ಗೇರ್‌ಬಾಕ್ಸಿಗೂ ಹೀಗೆಯೇ ಮಾಡಿ. ಈ ಅಂಕಣದಲ್ಲಿ ನಾನು ಹೇಳಿದ್ದರಲ್ಲೆಲ್ಲ ಅತಿ ಅಗ್ಗದ ಕೆಲಸ ಇದು. ಇದನ್ನು ಕೇಳಿಕೊಂಡು ಗ್ಯಾರೇಜಿಗೆ ಬಂದವರು ಮಾತ್ರ ಮೂವತ್ತೊಂದು ವರ್ಷದಲ್ಲಿ ಐವರಿಲ್ಲ. ಚಹಾದ ಬಣ್ಣದ ಆಯಿಲ್ಲಿನಲ್ಲಿ ಇನ್ನು ಒಂದು ದಿನವೂ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ.

ನೀರು ಇಂಜಿನ್ನಿಗೆ ಹೊಕ್ಕು ಗಾಡಿ ನಿಂತಿತೆಂದುಕೊಳ್ಳಿ, ಸೆಲ್ಫ್ ಹೊಡೆಯಲೇಬೇಡಿ. ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬಗ್ಗುವುದು ಪಿಸ್ಟನ್ನಿನ ಕನೆಕ್ಟಿಂಗ್ ರಾಡ್.

ಇಷ್ಟೆಲ್ಲ ಮಾಡಿಸಿದರೆ ಆರ್‌ಟಿಓದವರು ಹಿಡಿಯುತ್ತಾರೆಯೇ?
— ಬೆಂಗಳೂರಿನ ಯುವಕ

ಹಿಡಿಯಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ 182ಎ ಕಲಂ ಅಡಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಮುಂದೆ ಕಟ್ಟುವ ಬುಲ್ ಬಾರ್ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಪ್ರಮಾಣಪತ್ರ) ಬೇರೆ ಇದೆ. ಎಫ್‌ಸಿಗೆ ಮುಂಚೆ ಎಲ್ಲ ಬಿಚ್ಚಿ, ಆಮೇಲೆ ಮತ್ತೆ ಕಟ್ಟುವವರನ್ನು ಬಲ್ಲೆ. ಬೋಲ್ಟಿನ ಹಲ್ಲು ಸವೆಯುತ್ತದೆ, ಅಪಘಾತವಾದಾಗ ವಿಮೆಯವರೂ ಪ್ರಶ್ನೆ ಎತ್ತುತ್ತಾರೆ.

ಹೂತ ಗಾಡಿ ಎಳೆಯಲು ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಕೊಳ್ಳಲೋ, ಹಗ್ಗ ಸಾಕೋ?
— ಸೋಮವಾರಪೇಟೆಯಿಂದ

ಹಗ್ಗ ಸಾಕು, ಆದರೆ ಕಟ್ಟಲು ಜಾಗ ಬೇಕು. ಬಂಪರಿಗೆ ಬೆಸುಗೆ ಹಾಕಿದ ಕೊಕ್ಕೆ ಕೊಕ್ಕೆಯಲ್ಲ. ಚಾಸಿಗೇ ಬೋಲ್ಟ್ ಆದ ದಪ್ಪ ಹುಕ್ ಮುಂದೆ ಒಂದು, ಹಿಂದೆ ಒಂದು ಹಾಕಿಸಿ. ಎಳೆಯಲು ನೈಲಾನ್ ಪಟ್ಟಿ ಬಳಸಿ, ಉಕ್ಕಿನ ರೋಪ್ ಬೇಡ. ಎಳೆಯುವಾಗ ನಡುವೆ ಯಾರೂ ನಿಲ್ಲಬಾರದು. ತುಂಡಾದ ಉಕ್ಕಿನ ರೋಪ್ ಗಾಜು ಸೀಳಿ ಸೀಟಿಗೆ ಬಡಿದದ್ದನ್ನು ನೋಡಿದ್ದೇನೆ, ಪುಣ್ಯಕ್ಕೆ ಚಾಲಕ ಬೀಡಿ ಹಚ್ಚಲು ಇಳಿದಿದ್ದ. ಮರಕ್ಕೆ ಕಟ್ಟುವುದಾದರೆ ಹಲಸಿಗೆ ಕಟ್ಟಿ, ಗೋಣಿ ಸುತ್ತಿ. ಸಿಲ್ವರ್ ಓಕ್ ನಂಬಬೇಡಿ, ಅದು ಲಟಕ್ಕನೆ ಮುರಿಯುವ ಮರ.

ಗಾಡಿಗೆ ಖರ್ಚು ಮಾಡಿಸುವವರು ನಮ್ಮ ಯಜಮಾನರು, ಓಡಿಸುವವಳು ನಾನು. ಹತ್ತಲು ಭಯವಿಲ್ಲ. ಜಾರುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಅಡ್ಡ ತಿರುಗುತ್ತದೆ. ಏನು ಹಾಕಿಸಬೇಕು?
— ಗೃಹಿಣಿ, ಮೂಡಿಗೆರೆ

ಏನೂ ಹಾಕಿಸಬೇಡಿ ಅಮ್ಮ. ಈ ಸಂಚಿಕೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ನೀವೊಬ್ಬರೇ. ಇಳಿಯುವ ಮೊದಲು, ಮೇಲೆ ಸಮತಟ್ಟಿನಲ್ಲೇ ಗಾಡಿ ನಿಲ್ಲಿಸಿ ಲೋ ರೇಂಜಿಗೆ, ಮೊದಲ ಗೇರಿಗೆ ಹಾಕಿ. ಅರ್ಧ ಇಳಿದ ಮೇಲೆ ಗೇರ್ ಹುಡುಕಬಾರದು. ಕ್ಲಚ್ ಪೂರ್ತಿ ಬಿಟ್ಟು ಎಡಗಾಲನ್ನು ನೆಲದ ಮೇಲಿಡಿ. ಆ ಕಾಲು ಭಯಕ್ಕೆ ತಾನಾಗಿ ಕ್ಲಚ್ ಒತ್ತಿದರೆ ಗಾಡಿಯನ್ನು ಹಿಡಿಯುವವರೇ ಇರುವುದಿಲ್ಲ. ಇಂಜಿನ್ನೇ ನಾಲ್ಕೂ ಚಕ್ರವನ್ನು ಹಿಡಿದುಕೊಂಡು ಇಳಿಸುತ್ತದೆ. ಆದರೂ ಹಿಂಭಾಗ ಅಡ್ಡಕ್ಕೆ ಹೊರಟರೆ ಬ್ರೇಕ್ ಬಿಡಿ, ಎಳೆಯಷ್ಟು ಆಕ್ಸಿಲರೇಟರ್ ಕೊಡಿ. ಚಕ್ರ ಮತ್ತೆ ಉರುಳತೊಡಗಿ ನೇರಕ್ಕೆ ಬರುತ್ತದೆ. ಮೊದಲು ಒಣ ಇಳಿಜಾರಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿ. ಯಜಮಾನರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಬೇಡಿ.