ಅಮೆರಿಕದ ಮಕ್ಕಳಿಗೆ ಬರವಣಿಗೆ ಕಲಿಸಲು ಹೊರಟ ಬದಿಯಡ್ಕದ ತಂಗಿಗೆ

ನಿನ್ನ ಪತ್ರ ಓದಿದೆ. ಹತ್ತನೇ ಕ್ಲಾಸಿನವರೆಗೆ ಬದಿಯಡ್ಕದಲ್ಲಿ ಕನ್ನಡ ಮೀಡಿಯಂ, ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಬಿಎ, ಆಮೇಲೆ ಇಂಗ್ಲಿಷ್ ಎಂಎ. ಈಗ ಅಮೆರಿಕದಲ್ಲಿ ರೈಟಿಂಗ್ ಆಂಡ್ ರೆಟೊರಿಕ್ (ಬರವಣಿಗೆ ಮತ್ತು ಮಾತಿನಿಂದ ಒಪ್ಪಿಸುವ ಕಲೆ) ವಿಭಾಗದಲ್ಲಿ ಪಿಎಚ್‌ಡಿ ಸೀಟು, ಜೊತೆಗೆ ಕ್ಲಾಸ್ ಕಲಿಸಿಕೊಂಡೇ ಓದುವ ಟೀಚಿಂಗ್ ಅಸಿಸ್ಟೆಂಟ್‌ಶಿಪ್. "ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳಿಗೆ ನಾನು ಇಂಗ್ಲಿಷ್ ಬರೆಯಲು ಕಲಿಸುವುದಾ ಅಕ್ಕಾ? ಅಲ್ಲಿ ಬದುಕು ಹೇಗೆ? ಮುಂದೆ ಕೆಲಸ ಸಿಗುತ್ತದಾ?" ಎಂದು ಕೇಳಿದ್ದೀಯಾ. ಅಕ್ಕಾ ಅಂತ ಕರೆದಿದ್ದೀಯಲ್ಲ, ನಾನೂ ನೀನು ಅಂತಲೇ ಬರೆಯುತ್ತೇನೆ.

ಮೊದಲ ಪ್ರಶ್ನೆಗೇ ಜಾಸ್ತಿ ಬರೆಯುತ್ತೇನೆ. ನಿನಗೆ ಮಂಡೆಬಿಸಿ ಆಗಿರುವುದು ಅದರಿಂದಲೇ ಅಂತ ಕಾಣುತ್ತದೆ.

ನೀನು ಕಲಿಸಬೇಕಾದ ಕೋರ್ಸ್ ಹುಟ್ಟಿದ್ದೇ ಇಂಗ್ಲಿಷ್ ಮನೆಮಾತಿನ ಹುಡುಗರಿಗೆ ಬರೆಯಲು ಬರುವುದಿಲ್ಲ ಎಂಬ ದೂರಿನಿಂದ. 1874ರಲ್ಲಿ ಹಾರ್ವರ್ಡ್‌ನವರು ಪ್ರವೇಶ ಪರೀಕ್ಷೆಯಲ್ಲಿ ಪ್ರಬಂಧ ಬರೆಸಲು ಶುರು ಮಾಡಿದರು. ಒಳ್ಳೊಳ್ಳೆ ಶಾಲೆಗಳಲ್ಲಿ ಓದಿ ಬಂದವರ ಬರವಣಿಗೆ ನೋಡಿ ಅಧ್ಯಾಪಕರು ತಲೆ ಮೇಲೆ ಕೈ ಹೊತ್ತರು. 1885ರಲ್ಲಿ 'ಇಂಗ್ಲಿಷ್ ಎ' ಎಂಬ ಕೋರ್ಸ್ ಬಂತು. ಇವತ್ತು ಹೆಚ್ಚಿನ ಕಾಲೇಜುಗಳಲ್ಲಿ ಎಂಜಿನಿಯರಿಂಗ್‌ನವರಿರಲಿ, ನರ್ಸಿಂಗ್‌ನವರಿರಲಿ, ಮೊದಲ ವರ್ಷ ಇಂಥದ್ದೊಂದು ಕೋರ್ಸ್ ಮಾಡಲೇಬೇಕು. ಅದನ್ನು ಕಲಿಸುವವರಲ್ಲಿ ನಿನ್ನಂಥ ಪಿಎಚ್‌ಡಿ ವಿದ್ಯಾರ್ಥಿಗಳು ಬಹಳ ಮಂದಿ. ಮಾತು ಬಂದವರಿಗೆಲ್ಲ ಬರವಣಿಗೆ ಬರುವುದಿಲ್ಲ. ನಮ್ಮೂರಲ್ಲಿ ಕನ್ನಡ ಮಾತಾಡುವ ಎಲ್ಲರೂ ಪಂಚಾಯತಿಗೆ ಒಂದು ನೆಟ್ಟಗಿನ ಅರ್ಜಿ ಬರೆಯುತ್ತಾರಾ?

ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿ ಅಮೆರಿಕದಲ್ಲಿ ನನ್ನ ಕ್ಲಾಸಿನಲ್ಲಿ ಡೈರಿ ಮನೆತನದ ಹುಡುಗನೊಬ್ಬ ಇದ್ದ. ಮೊದಲ ಡ್ರಾಫ್ಟಿನಲ್ಲಿ ಎರಡು ಪುಟ ಬರೀ ಕೃಷಿಯೇ ದೇಶದ ಬೆನ್ನೆಲುಬು ಎಂಬ ಥರದ ಮಾತು. ಮೂರನೇ ಪುಟದ ಕೊನೆಗೆ ಒಂದು ವಾಕ್ಯ: ಹಸುಗಳನ್ನು ಹರಾಜು ಹಾಕಿದ ಮರುದಿನವೂ ಅಜ್ಜ ನಾಲ್ಕು ಗಂಟೆಗೇ ಎದ್ದು ಕೊಟ್ಟಿಗೆಗೆ ಹೋದರು. ಅದರಲ್ಲಿ ಎರಡು ಸ್ಪೆಲಿಂಗ್ ತಪ್ಪು, ಒಂದು ಕ್ರಿಯಾಪದ ತಪ್ಪು. ಹೊಸ ಟೀಚರ್‌ಗಳ ಕೆಂಪು ಪೆನ್ನು ನೇರ ಅಲ್ಲಿಗೇ ಹೋಗುತ್ತದೆ. ನಾನು ತಪ್ಪು ಮುಟ್ಟಲಿಲ್ಲ. ಮಾರ್ಜಿನಿನಲ್ಲಿ ಎರಡೇ ಪ್ರಶ್ನೆ ಬರೆದೆ. ಆ ಬೆಳಿಗ್ಗೆ ಮನೆಯಲ್ಲಿ ಬೇರೆ ಯಾರಿದ್ದರು? ಹಾಲಿಗೆ ಎಷ್ಟು ಸಿಗುತ್ತಿತ್ತು, ಮೇವಿಗೆ ಎಷ್ಟು ಹೋಗುತ್ತಿತ್ತು? ಮುಂದಿನ ಡ್ರಾಫ್ಟ್ ಅಜ್ಜನಿಂದಲೇ ಶುರುವಾಯಿತು. ಬೆನ್ನೆಲುಬು ಹೋಗಿ ಹಾಲು, ಮೇವು, ಬ್ಯಾಂಕ್ ಸಾಲದ ಲೆಕ್ಕ ಬಂತು. ಸ್ಪೆಲಿಂಗ್ ಅವನೇ ಸರಿ ಮಾಡಿಕೊಂಡ.

ತಪ್ಪುಗಳನ್ನು ಹೀಗೆ ನೋಡಲು ನಮಗೆ ಕಲಿಸಿದವರಲ್ಲಿ ನ್ಯೂಯಾರ್ಕಿನಲ್ಲಿ ಬರವಣಿಗೆ ಕಲಿಸುತ್ತಿದ್ದ ಮಿನಾ ಶಾನೆಸಿ ದೊಡ್ಡವರು. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ ಹೈಸ್ಕೂಲ್ ಮುಗಿಸಿದವರಿಗೆಲ್ಲ ಬಾಗಿಲು ತೆರೆಯಿತು. ಬಡವರ ಮನೆಯ, ವಲಸೆ ಬಂದವರ ಮನೆಯ ಮಕ್ಕಳು ತುಂಬಾ ಬಂದರು. ಆ ಮಕ್ಕಳು ಬರೆದ ಸಾವಿರಾರು ಪ್ರಬಂಧಗಳನ್ನು ಕೂತು ಓದಿದ ಶಾನೆಸಿ, ತಪ್ಪುಗಳ ಹಿಂದೆಯೂ ಒಂದು ಲೆಕ್ಕಾಚಾರ ಇರುತ್ತದೆ ಎಂದು 1977ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ಇಂಗ್ಲಿಷನ್ನು ಹೊರಗಿನಿಂದ ಕಲಿತ ನಿನಗೆ ಇದು ಬೇಗ ಹೊಳೆಯುತ್ತದೆ. 'ದಿ' ಎಲ್ಲಿ ಬೇಕು, ಎಲ್ಲಿ ಬೇಡ ಅಂತ ನೀನು ಯೋಚಿಸಿ ಕಲಿತಿದ್ದೀಯಾ. ಹಾಗಾಗಿ ಯಾಕೆ ಎಂದು ಬಿಡಿಸಿ ಹೇಳಬಲ್ಲೆ. ಹುಟ್ಟಿನಿಂದ ಇಂಗ್ಲಿಷ್ ಆಡಿದ ಎಷ್ಟೋ ಟೀಚರ್‌ಗಳಿಗೆ ಇದು ಕಷ್ಟ.

ಆದರೆ ತಯಾರಿ ಬೇಕು. ಸಾಮಾನ್ಯವಾಗಿ ಕ್ಲಾಸ್ ಶುರುವಾಗುವ ಮೊದಲು ಒರಿಯಂಟೇಶನ್ ಇರುತ್ತದೆ. ಹೊರದೇಶದವರಿಗೆ ಮಾತಿನ ಪರೀಕ್ಷೆಯನ್ನೂ ಬಹಳ ಕಡೆ ಇಡುತ್ತಾರೆ. ನಿನ್ನ ಉಚ್ಚಾರಣೆ ಕೇಳಿ ಮೊದಲ ವಾರ ಕೆಲವರು ಮುಖ ಮುಖ ನೋಡಿಕೊಳ್ಳಬಹುದು. ಒಮ್ಮೆ ಅವರ ಡ್ರಾಫ್ಟ್ ಓದಿ ಒಳ್ಳೆ ಕಾಮೆಂಟ್ ಬರೆದು ಕೊಡು, ಆಮೇಲೆ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಈಗ ಚಾಟ್‌ಜಿಪಿಟಿ ಕಾಟ ಬೇರೆ. ಅದಕ್ಕೇ ನಾನು ಕ್ಲಾಸಿನಲ್ಲೇ ಕೈಯಲ್ಲಿ ಬರೆಸುತ್ತೇನೆ, ಪ್ರತಿಯೊಬ್ಬರ ಜೊತೆ ಕೂತು ಡ್ರಾಫ್ಟ್ ಬಗ್ಗೆ ಮಾತಾಡುತ್ತೇನೆ.

ಸಂಶೋಧನೆಗೆ ಏನು ಮಾಡಲಿ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ವಿಷಯವನ್ನೇ ಹಿಡಿಯಬೇಕಾಗಿಲ್ಲ. ಈ ಕ್ಷೇತ್ರದಲ್ಲಿ ದೊಡ್ಡ ಹೆಸರು ಮಾಡಿದ ಸುರೇಶ್ ಕನಗರಾಜ ಶ್ರೀಲಂಕಾದ ಜಾಫ್ನಾದ ತಮಿಳರು. ಯುದ್ಧದ ಮಧ್ಯೆ ಅಲ್ಲಿ ಅಧ್ಯಾಪಕರಾಗಿದ್ದವರು. ಅಲ್ಲಿನವರು ಹೇಗೆ ಓದುತ್ತಾರೆ, ಬರೆಯುತ್ತಾರೆ ಎಂಬುದನ್ನೇ ಅಧ್ಯಯನ ಮಾಡಿ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆದರು. ನಿನ್ನ ಹತ್ತಿರ ಏನು ಕಮ್ಮಿ ಇದೆ? ಎಡನೀರಿನಲ್ಲೋ ಕುಂಬಳೆಯಲ್ಲೋ ತಾಳಮದ್ದಳೆ ಕೇಳಿರುತ್ತೀಯಾ. ಬರೆದಿಟ್ಟ ಮಾತಿಲ್ಲ, ವೇಷ ಇಲ್ಲ. ಎದುರಿನ ಅರ್ಥಧಾರಿ ಎತ್ತಿದ ಪ್ರಶ್ನೆಗೆ ಆ ಕ್ಷಣವೇ ಉತ್ತರ ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ ಪರವಾಗಿ, ರಾವಣನ ಪರವಾಗಿ ವಾದ ಕಟ್ಟುತ್ತಿದ್ದರಲ್ಲ, ರೆಟೊರಿಕ್ ವಿಭಾಗ ಓದಬೇಕಾದದ್ದು ಅದನ್ನೇ.

ಅದಲ್ಲದೆ ನಮ್ಮ ಅರ್ಜಿಗಳಿವೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲೇ ಇಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಮತ್ತೆ ಹೋರಾಟ ಆಯಿತು. ಇಷ್ಟು ವರ್ಷ ನಮ್ಮವರು ಬರೆದ ಮನವಿ, ಕರಪತ್ರ, ಭಾಷಣ ಎಲ್ಲ ಎಲ್ಲಿವೆ? ಮನೆಗಳ ಅಟ್ಟದಲ್ಲಿ, ಹಳೆ ಮೇಷ್ಟ್ರುಗಳ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿವೆ. ಹೊರಡುವ ಮೊದಲು ಆದಷ್ಟು ಫೋಟೋ ತೆಗೆದುಕೋ. ಇದನ್ನು ನಾನು ಬಹಳ ಆಸೆಯಿಂದ ಹೇಳುತ್ತಿದ್ದೇನೆ. ಯಾರಾದರೂ ಮಾಡಲೇಬೇಕಾದ ಕೆಲಸ ಇದು, ನಿನಗೆ ಊರಿನ ಭಾಷೆಗಳೆಲ್ಲ ಬರುತ್ತವೆ.

ಇನ್ನು ದುಡ್ಡು. ಅಸಿಸ್ಟೆಂಟ್‌ಶಿಪ್ ಇದ್ದರೆ ಸಾಮಾನ್ಯವಾಗಿ ಟ್ಯೂಷನ್ ಮಾಫಿ, ತಿಂಗಳಿಗೆ ಸ್ಟೈಪೆಂಡ್. ಆದರೆ ಬಹಳ ಕಡೆ ಅದು ಒಂಬತ್ತು ತಿಂಗಳಿಗೆ ಮಾತ್ರ. ಬೇಸಿಗೆಯ ಬಾಡಿಗೆ ಯಾರು ಕೊಡುತ್ತಾರೆ ಅಂತ ಈಗಲೇ ವಿಭಾಗಕ್ಕೆ ಇಮೇಲ್ ಮಾಡಿ ಕೇಳು. ಮೊದಲ ಸಂಬಳ ಕೈಗೆ ಬರುವುದು ಸೆಪ್ಟೆಂಬರ್ ಕೊನೆಗೂ ಆಗಬಹುದು, ಅಲ್ಲಿಯವರೆಗಿನ ಖರ್ಚು ಜೊತೆಗಿರಲಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಅಸಿಸ್ಟೆಂಟ್‌ಶಿಪ್ಪೇ ಹೆಚ್ಚಾಗಿ ಅಷ್ಟನ್ನೂ ತಿನ್ನುತ್ತದೆ.

ಕೆಲಸ ಸಿಗುತ್ತದೆ ಎಂದು ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಕಾಯಂ ಹುದ್ದೆಗಳು ಕಡಿಮೆಯಾಗಿವೆ. ಆದರೂ ಬರೀ ಸಾಹಿತ್ಯ ಓದಿದವರಿಗಿಂತ ನಮಗೆ ವಾಸಿ, ವಿದ್ಯಾರ್ಥಿಗಳ ಬರವಣಿಗೆಗೆ ನೆರವಾಗುವ ರೈಟಿಂಗ್ ಸೆಂಟರ್ ನಡೆಸಲು, ಮೊದಲ ವರ್ಷದ ಕೋರ್ಸ್ ನೋಡಿಕೊಳ್ಳಲು ಜನ ಬೇಕು. ನಮ್ಮದು ವಿಜ್ಞಾನ ವಿಷಯ ಅಲ್ಲದ್ದರಿಂದ ಓದು ಮುಗಿದ ಮೇಲೆ ಅದೇ ವೀಸಾದಲ್ಲಿ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಒಪಿಟಿ, 12 ತಿಂಗಳು ಮಾತ್ರ. ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ, ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳದೆ ಯಾವ ಹೆಜ್ಜೆಯೂ ಇಡಬೇಡ.

ವರ್ಷದ ಕೊನೆಗೆ ವಿಭಾಗದಲ್ಲಿ ಎಲ್ಲರ ಸಾಧನೆಯ ಪಟ್ಟಿ ಬರುತ್ತದೆ. ಯಾರ ಲೇಖನ ಎಲ್ಲಿ ಬಂತು, ಬರವಣಿಗೆ ಕಲಿಸುವವರ ದೊಡ್ಡ ಸಮ್ಮೇಳನ ಫೋರ್ ಸೀಸ್‌ನಲ್ಲಿ ಯಾರು ಮಾತಾಡಿದರು, ಯಾರಿಗೆ ಪ್ರಶಸ್ತಿ ಬಂತು. ಅದರಲ್ಲಿ ನಿನ್ನ ಹೆಸರು ಇರಬೇಕು, ಟೆನ್ಯೂರ್, ಅಂದರೆ ಕಾಯಂ ಹುದ್ದೆ, ಕೊಡುವಾಗ ಅವರು ನೋಡುವುದು ಅದನ್ನೇ. ನನ್ನ ಪುಸ್ತಕವೂ ಆ ಪಟ್ಟಿಯಲ್ಲಿ ಬಂತು, ಖುಷಿಯಾಯಿತು. ಡೈರಿ ಹುಡುಗನ ಪ್ರಬಂಧ ಯಾವ ಪಟ್ಟಿಯಲ್ಲೂ ಬರಲಿಲ್ಲ. ನನ್ನನ್ನು ಕೇಳಿದರೆ ನಾನು ಮೊದಲು ಹೇಳುವುದು ಅದರ ಬಗ್ಗೆ.

ಚಳಿ, ಊಟ, ಒಂಟಿತನ ಎಲ್ಲ ನಿಭಾಯಿಸಬಹುದು. ಒಳ್ಳೆ ಜಾಕೆಟ್ ಇಲ್ಲೇ ಬಂದು ತೆಗೆದುಕೋ, ಅಲ್ಲಿಂದ ಹೊತ್ತು ತರಬೇಡ. ಸಿಲೆಬಸ್ ಬರೆದ ಕೂಡಲೇ ನನಗೆ ಕಳಿಸು. ಶನಿವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ, ನಿನಗಾಗ ಸಂಜೆ. ಫೋನ್ ಮಾಡು.